ಯಾವ ಚಹಾ ಮಾಡ್ಲಿ?

ಹುಬ್ಬಳ್ಳಿಯ ನಮ್ಮ ಕಮರಿಪೇಟೆಯಲ್ಲಿ ಯಾರ ಮನೆಯ ಹೊಸ್ತಿಲು ದಾಟಿದರೂ, ಬಂದವರು ಕೂಡುವುದಕ್ಕೆ ಮೊದಲೇ ಒಳಗಿನಿಂದ ಬೋಗೋಣಿ ಇಟ್ಟ ಸಪ್ಪಳ ಕೇಳುತ್ತದೆ. ‘ಚಹಾ ಮಾಡ್ಲೇನ್ರಿ?’ ಎಂದು ಕೇಳುವುದು ಮಾತಿಗೆ ಮಾತ್ರ. ನೀರು ಆಗಲೇ ಒಲೆಯ ಮೇಲಿರುತ್ತದೆ. ‘ಬ್ಯಾಡ್ರಿ, ಈಗರ ಕುಡದ ಬಂದೀನಿ’ ಅಂದರೆ ‘ಅರ್ಧಾ ಕಪ್ಪರೇ ತಗೋರಿ’ ಅನ್ನುತ್ತಾರೆ. ಆ ಅರ್ಧ ಕಪ್ಪು ತುಂಬಿ ಬಶಿಗೆ ಚೆಲ್ಲುತ್ತ ಬರುತ್ತದೆ. ಬೇಡವೆಂದು ಎದ್ದು ಬಂದರೆ ಆ ಮನೆಯವರು ನಾಲ್ಕು ದಿನ ನೊಂದುಕೊಳ್ಳುತ್ತಾರೆ.

ಈ ಪ್ರೀತಿಯಲ್ಲೇ ಬೆಳೆದವನು ನಾನು. ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಫಿಟರ್ ಆಗಿ ದುಡಿದು ನಿವೃತ್ತನಾದೆ. ನಿವೃತ್ತಿಯ ಮರುವರ್ಷ ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರು ‘ದಿನಕ್ಕ ಎಷ್ಟು ಚಹಾ?’ ಎಂದು ಕೇಳಿದರು. ‘ಮೂರೋ ನಾಲ್ಕೋ’ ಎಂದೆ. ಬಾಜೂಕ ಕುಳಿತಿದ್ದ ಹೆಂಡತಿ ‘ಏಳು’ ಅಂದಳು. ಆ ವಾರ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಗೆರೆ ಹಾಕುತ್ತ ಎಣಿಸಿದೆ. ಮನೆಯವು ಮೂರು, ಅಂಗಡಿಯವು ಎರಡು, ಮಂದಿ ಮನೆಯವು ಎರಡು. ಅವಳೆಂದದ್ದೇ ಖರೆ. ಕಪ್ಪಿಗೆ ಎರಡು ಚಮಚದಂತೆ ಸಕ್ಕರೆ ಹದಿನಾಲ್ಕು ಚಮಚ. ಚಮಚಕ್ಕೆ 5 ಗ್ರಾಂ ಹಿಡಿದರೂ ದಿನಕ್ಕೆ 70 ಗ್ರಾಂ, ತಿಂಗಳಿಗೆ ಎರಡು ಕಿಲೋಗಿಂತ ಮೇಲೆ. ದೊಡ್ಡವರು ದಿನವೊಂದಕ್ಕೆ ಬೇರೆಯಾಗಿ ಸೇರಿಸಿಕೊಳ್ಳುವ ಸಕ್ಕರೆ 50 ಗ್ರಾಂ ಒಳಗಿರಲಿ, 25 ಗ್ರಾಂಗೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನಾನು ಊಟ, ಸಿಹಿ, ಬಿಸ್ಕೀಟು ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ, ಬರೀ ಚಹಾದಲ್ಲೇ ಆ ಗೆರೆ ದಾಟಿದ್ದೆ.

ಚಹಾ ಬಿಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ನನಗೆ ಹೊಳೆದದ್ದು ಬೇರೆ. ಆ ಏಳೂ ಕಪ್ಪು ಒಂದೇ ಚಹಾ. ಮುಂಜಾನೆ ಆರಕ್ಕೂ ಅದೇ, ಸಾವಜಿ ಊಟ ಉಂಡು ಬಾಯಿ ಉರಿಯುವಾಗಲೂ ಅದೇ, ರಾತ್ರಿ ಒಂಬತ್ತಕ್ಕೆ ಬೀಗರು ಬಂದರೂ ಅದೇ: ಹಾಲು, ಸಕ್ಕರೆ, ಪುಡಿ ಕೂಡಿಸಿ ಕುದಿಸಿದ ಖಡಕ್ ಚಹಾ. ಅನ್ನದ ಜೊತೆ ಯಾವ ಸಾರು, ರೊಟ್ಟಿಗೆ ಯಾವ ಪಲ್ಯ ಎಂದು ದಿನಾ ಯೋಚಿಸುವ ನಾವು, ಎಲ್ಲಕ್ಕಿಂತ ಹೆಚ್ಚು ಸಲ ಬಾಯಿಗಿಡುವ ಚಹಾದಲ್ಲಿ ಮಾತ್ರ ಏನನ್ನೂ ಆರಿಸುವುದಿಲ್ಲ.

ಆರಿಸದೆ ಕುಡಿದರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಸೊಸೆಯಲ್ಲಿ ಕಂಡೆ. ಅವಳು ಬಸುರಿಯಿದ್ದಾಗ ಹಿಮೋಗ್ಲೋಬಿನ್ ಒಂಬತ್ತರ ಹತ್ತಿರ ಇತ್ತು. ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ದಿನಾ ತಪ್ಪದೆ ತಗೊಂಡಳು, ಆದರೆ ಎರಡು ತಿಂಗಳಾದರೂ ರಕ್ತ ಏರಲಿಲ್ಲ. ‘ಗುಳಿಗಿ ತಗೋತೀಯಲ್ಲ ಬೇ?’ ಎಂದು ಅತ್ತೆ ನಾಲ್ಕು ಸಲ ಕೇಳಿದಳು. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಖಾಲಿ ಪಟ್ಟಿ ತೋರಿಸಿದಳು. ತಪ್ಪು ಎಲ್ಲಿತ್ತೆಂದರೆ, ನಸುಕಿನಲ್ಲಿ ಎದ್ದು ಎಲ್ಲರ ಡಬ್ಬಿ ಕಟ್ಟಿ, ಕೊನೆಗೆ ತಾನು ಗೋಡೆಗೆ ಒರಗಿ ಕುಳಿತು ಚಹಾದಲ್ಲಿ ಚಪಾತಿ ಅದ್ದಿ ತಿನ್ನುತ್ತಿದ್ದಳು. ಅದೇ ಚಹಾದ ಗುಟುಕಿನೊಂದಿಗೆ ಗುಳಿಗೆ ನುಂಗುತ್ತಿದ್ದಳು. ಚಹಾದ ಒಗರಿಗೆ ಕಾರಣವಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ಹತ್ತದಂತೆ ಮಾಡುತ್ತದೆ. ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮುಂದೆ ಗುಳಿಗೆಯನ್ನು ಚಹಾದಿಂದ ಎರಡು ತಾಸು ದೂರ ಇಟ್ಟು, ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡಳು. ಹೆರಿಗೆಯ ಹೊತ್ತಿಗೆ ಹನ್ನೊಂದಕ್ಕೆ ಬಂದಿತ್ತು.

ಇದು ನಮ್ಮ ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಕಾರಣ ಹತ್ತಾರು, ಚಹಾ ಒಂದನ್ನೇ ದೂರುವುದು ಸಲ್ಲ. ಆದರೆ ಊಟಕ್ಕೆ ಮುಂಚೆ ಒಂದು ತಾಸು, ಆಮೇಲೆ ಒಂದು ತಾಸು ಚಹಾ ಕಾಫಿ ಬೇಡ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಚಹಾ-ಚಪಾತಿಯೇ ನಾಷ್ಟಾ ಆಗಿರುವ ನಮ್ಮ ಓಣಿಗಳಲ್ಲಿ ಈ ಮಾತು ಮನೆಮನೆಗೆ ಮುಟ್ಟಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಚಹಾದ ಮೇಲೆ ಹೊಟ್ಟೆ ತುಂಬಿಸಿಕೊಳ್ಳುವವರು ಹೆಣ್ಣುಮಕ್ಕಳೇ ಅಲ್ಲವೆ?

ಈ ಒಂದೇ ಚಹಾ ನಮ್ಮಲ್ಲಿ ಹಿರಿಯರ ಕಾಲದಿಂದ ಬಂದದ್ದೆಂದು ನಾವು ತಿಳಿದಿದ್ದೇವೆ. ಅಷ್ಟು ಹಳೆಯದೇನಲ್ಲ. ಅಸ್ಸಾಮಿನಲ್ಲಿ ಬ್ರಿಟಿಷರು ಬೆಳೆಸಿದ ಚಹಾ ಮೊದಲು ಹೋಗುತ್ತಿದ್ದದ್ದು ಹಡಗಿನಲ್ಲಿ, ಹೊರಗೆ. 1903ರಲ್ಲಿ ಚಹಾದ ಮೇಲೆ ಒಂದು ಸೆಸ್ ಹಾಕಿ, ಆ ದುಡ್ಡಿನಿಂದ ಪ್ರಚಾರ ಶುರುವಾಯಿತು. 1930ರ ದಶಕದಲ್ಲಿ ಹೊರದೇಶದ ಬೇಡಿಕೆ ಕುಸಿದಾಗ ರೈಲು ನಿಲ್ದಾಣ, ಸಂತೆ, ಗಿರಣಿಗಳ ಬಾಗಿಲಿಗೆ ಚಹಾ ಬಂತು. ಮಾಡುವುದು ಹೇಗೆಂದು ನಿಂತು ತೋರಿಸಿ ಕುಡಿಸಿದರು. ಅದೇ ಹೊತ್ತಿಗೆ ಅಸ್ಸಾಮಿನಲ್ಲಿ ಎಲೆಯನ್ನು ಅರೆದು, ಹರಿದು, ಸುರುಳಿ ಸುತ್ತಿ ಕಾಳು ಮಾಡುವ ಸಿ.ಟಿ.ಸಿ. ಯಂತ್ರ ಬಂತು. ಸ್ವಲ್ಪ ಪುಡಿಗೆ ಬಹಳ ಬಣ್ಣ, ಬಹಳ ಖಡಕ್. ಬಡವನ ಕಿಸೆಗೂ ಎಟುಕಿತು. ಈಗ ದೇಶದಲ್ಲಿ ಬೆಳೆವ ಚಹಾದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನಾವೇ ಕುಡಿಯುತ್ತೇವೆ. ನಮ್ಮ ಹುಬ್ಬಳ್ಳಿಯೋ ರೈಲಿನ ಊರು. ಶಿಫ್ಟಿನ ಭೋಂಗಾ ಹೊಡೆದೊಡನೆ ಚಹಾದಂಗಡಿಗೆ ನುಗ್ಗುವ ಊರು.

ಆ ಖಡಕ್ ಚಹಾಕ್ಕೆ ನಾನು ಕೊಡುವ ಹೊತ್ತು ಮುಂಜಾನೆ. ಆಗ ಅದಕ್ಕೆ ಸಾಟಿಯಿಲ್ಲ. ನಮ್ಮ ಅವ್ವ ಮಾಡುತ್ತಿದ್ದ ಹಾಗೆ ಮಾಡುತ್ತೇನೆ. ಒಂದೂವರೆ ಕಪ್ಪು ನೀರಿಗೆ ಅಲ್ಲ ಜಜ್ಜಿ ಹಾಕಿ ಮೊದಲು ಕುದಿಸಬೇಕು. ಹಸಿ ಅಲ್ಲವನ್ನು ಹಾಲಿಗೇ ಹಾಕಿದರೆ ಹಾಲು ಒಡೆಯುತ್ತದೆ. ನೀರಿನಲ್ಲಿ ಕುದ್ದರೆ ಆ ಗುಣ ಹೋಗುತ್ತದೆ. ಆಮೇಲೆ ಪುಡಿ. ಎರಡು ನಿಮಿಷಕ್ಕೆ ಬಣ್ಣ ಇಳಿದ ಮೇಲೆ ಬಿಸಿ ಹಾಲು. ಉಕ್ಕಿ ಬಂದಾಗ ಬೋಗೋಣಿ ಎತ್ತಿ, ಇಳಿಸಿ, ಇನ್ನೊಮ್ಮೆ ಉಕ್ಕಿಸಿದರೆ ಸಾಕು. ಅವ್ವ ಅದನ್ನು ಬಿಳಿ ಅರಿವಿಯಲ್ಲಿ ಸೋಸುತ್ತಿದ್ದಳು. ವರ್ಷಗಟ್ಟಲೆ ಚಹಾ ಕುಡಿದ ಆ ಅರಿವಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಹಿಂಡುವಾಗ ಅವಳ ಬೆರಳ ತುದಿಗಳೂ ಅದೇ ಬಣ್ಣ. ಅಸ್ಸಾಮಿನ ಕಾಳುಪುಡಿಗೆ ಹಾಲು ತಕ್ಕದ್ದು, ಏಕೆಂದರೆ ಹಾಲಿನ ಪ್ರೋಟೀನು ಅದರ ಒಗರನ್ನು ತಡೆಯುತ್ತದೆ, ರುಚಿ ಮಾತ್ರ ಉಳಿಯುತ್ತದೆ. ಹೊಸ ಪುಡಿ ಹಾಕುತ್ತ ಹಳೆಯ ಚರಟವನ್ನೇ ತಾಸುಗಟ್ಟಲೆ ಕುದಿಸಿದ ಚಹಾದಲ್ಲಿ ಮಾತ್ರ ಉಳಿಯುವುದು ಬರೀ ಕಹಿ. ಆ ಕಹಿ ಮುಚ್ಚಲಿಕ್ಕೇ ಸಕ್ಕರೆ ಏರುತ್ತದೆ.

ಮಧ್ಯಾಹ್ನದ ಚಹಾ ನನಗೆ ಕಲಿಸಿದವನು ನನ್ನ ಗೆಳೆಯ. ಸಕಲೇಶಪುರದಲ್ಲಿ ಕೆಲಸಕ್ಕಿದ್ದಾಗ ಅವನು ಆ ತಾಲ್ಲೂಕಿನ ಕಾಡುಮನೆ ತೋಟದ ಚಹಾಪುಡಿ ತಂದುಕೊಟ್ಟಿದ್ದ. ಕಾಫಿ ನಾಡಿನಲ್ಲಿ ಚಹಾ ಎಲ್ಲಿಯದೆಂದು ಬೆರಗಾದೆ. ಹಾಸನ, ಚಿಕ್ಕಮಗಳೂರು, ಕೊಡಗಿನಲ್ಲಿ ಚಹಾ ತೋಟಗಳಿವೆ. ಆದರೂ ಕಮರಿಪೇಟೆಯ ಒಂದು ಅಂಗಡಿಯಲ್ಲೂ ನಾನು ನಮ್ಮದೇ ರಾಜ್ಯದ ಚಹಾ ಕಂಡಿಲ್ಲ. ‘ಒಮ್ಮೆ ಹಾಲಿಲ್ಲದ ಕುಡದ ನೋಡು’ ಎಂದ ಗೆಳೆಯ. ಪುಡಿ ಕಡಿಮೆ ಹಾಕಿ, ಕುದಿಸದೆ, ಕುದಿಯುವ ನೀರನ್ನು ಮೇಲೆ ಸುರಿದು ಮುಚ್ಚಿಟ್ಟು ಎರಡು ನಿಮಿಷಕ್ಕೆ ಸೋಸಿದೆ. ನಿಂಬೆ ನಾಲ್ಕು ಹನಿ ಹಿಂಡಿದೆ. ಕರಿ ಬಣ್ಣ ಕಣ್ಣೆದುರೇ ತಿಳಿಯಾಗಿ ಜೇನಿನಂತಾಯಿತು. ಐವತ್ತು ವರ್ಷ ಚಹಾ ಕುಡಿದವನಿಗೆ ಚಹಾದ ಎಲೆಗೆ ತನ್ನದೇ ಒಂದು ವಾಸನೆ ಇದೆಯೆಂದು ಅವತ್ತು ಗೊತ್ತಾಯಿತು.

ಆ ಮೇಲೆ ಹುಡುಕಾಟ ಹತ್ತಿತು. ಊಟಿಗೆ ಹೋದ ತಮ್ಮನ ಮಗನಿಂದ ನೀಲಗಿರಿಯ ಇಡಿ ಎಲೆ ತರಿಸಿದೆ. ಒಂದು ಚಮಚ ಎಲೆ, ಒಂದು ಕಪ್ಪು ನೀರು, ಮೂರು ನಿಮಿಷ. ಊಟವಾಗಿ ತಾಸು ಕಳೆದ ಮೇಲೆ ಅದು ಬಾಯಿಯನ್ನು ತೊಳೆದಂತೆ ಹಗುರ ಮಾಡುತ್ತದೆ. ಅದೇ ಎಲೆಗೆ ಇನ್ನೊಮ್ಮೆ ನೀರು ಹಾಕಬಹುದು. ಹಾಗಾಗಿ ಪೊಟ್ಟಣದ ಬೆಲೆ ಕಂಡು ಹೆದರಬೇಕಿಲ್ಲ, ಹಾಲು ಸಕ್ಕರೆಯೂ ಉಳಿಯುತ್ತವೆ. ಡಾರ್ಜಿಲಿಂಗ್ ಚಹಾ ನನಗೆ ಹಬ್ಬದ ಮಾತು, ದಿನದ್ದಲ್ಲ. ಅದಕ್ಕೆ ಹಾಲು ಹಾಕಿದರೆ ಎಲೆಯೂ ಹಾಳು, ಹಾಲೂ ಹಾಳು.

ನೀರಿನ ಮಾತು ಹೇಳದಿದ್ದರೆ ಹುಬ್ಬಳ್ಳಿಯ ಚಹಾದ ಮಾತು ಮುಗಿಯುವುದಿಲ್ಲ. ನಳ ಬಂದ ದಿನ ತುಂಬಿಸಿಟ್ಟ ಮಲಪ್ರಭೆಯ ನೀರಿನಲ್ಲಿ ನೀಲಗಿರಿಯ ಎಲೆ ಕೆಂಪಗೆ, ತಿಳಿಯಾಗಿ ಇಳಿಯುತ್ತದೆ. ನೀರು ಮುಗಿದು ಬೋರಿನ ಗಡಸು ನೀರು ಹಿಡಿದ ದಿನ ಅದೇ ಎಲೆ ಮಂಕಾಗಿ, ಮೇಲೆ ಎಣ್ಣೆ ತೇಲಿದಂತೆ ಪೊರೆ ಕಟ್ಟುತ್ತದೆ. ಹಾಲು ಹಾಕಿದ ಚಹಾದಲ್ಲಿ ಈ ಮಂಕು ಕಾಣುವುದೇ ಇಲ್ಲ. ಅದಕ್ಕೇ ನಾನು ನಳದ ನೀರಿನ ಒಂದು ತಂಬಿಗೆಯನ್ನು ಚಹಾಕ್ಕೆಂದೇ ಬೇರೆ ಇಡುತ್ತೇನೆ.

ಸಂಜೆಯ ಚಹಾ ನಮ್ಮ ಮಾಳಿಗೆಯ ಮೇಲೆ, ತಳ ತೂತಾದ ಬಕೀಟಿನಲ್ಲಿ ಬೆಳೆದಿದೆ. ಗವತಿ ಚಹಾ ಎಂದು ಇಲ್ಲಿ ಕರೆಯುವ ನಿಂಬೆ ವಾಸನೆಯ ಹುಲ್ಲು. ಅದು ಚಹಾದ ಗಿಡವಲ್ಲ, ಅದರಲ್ಲಿ ಕೆಫೀನ್ ಇಲ್ಲ. ರಾತ್ರಿ ಬಂದವರಿಗೆ ಕೊಡಲು ಅದಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ಎಸಳು ಮುರಿದು ಗಂಟು ಕಟ್ಟಿ ಕುದಿಸಿ ಚೂರು ಬೆಲ್ಲ ಹಾಕಿದರೆ ಮುಗಿಯಿತು. ನಿಜವಾದ ಚಹಾದ ಒಂದು ಕಪ್ಪಿನಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆಂದು ಅದೇ ಪೋಷಣಾ ಸಂಸ್ಥೆ ಹೇಳುತ್ತದೆ. ರಾತ್ರಿ ಒಂಬತ್ತಕ್ಕೆ ಅದನ್ನು ಕುಡಿದು ಎರಡರವರೆಗೆ ಹೊರಳಾಡಿ, ನಿದ್ದೆ ಬರಲಿಲ್ಲವೆಂದು ಮುಂಜಾನೆ ಇನ್ನೂ ಖಡಕ್ ಚಹಾ ಕುಡಿಯುವವರು ನಮ್ಮ ಓಣಿಯಲ್ಲಿ ಬಹಳ ಮಂದಿ ಇದ್ದಾರೆ. ಗ್ರೀನ್ ಟೀ ಬಗ್ಗೆ ಒಂದೇ ಮಾತು: ರುಚಿಗೆ ಬೇಕಾದರೆ ಕುಡಿಯಿರಿ, ನೀರು ಕುದಿ ಇಳಿದ ಮೇಲೆ ಹಾಕಿರಿ. ಹೊಟ್ಟೆ ಕರಗುತ್ತದೆಂಬ ಆಸೆಯಿಂದ ಮುಖ ಸಿಂಡರಿಸುತ್ತ ಕುಡಿಯಬೇಡಿರಿ.

ಚಹಾದಂಗಡಿಯ ಅಣ್ಣಂದಿರಲ್ಲಿ ನನ್ನದು ಕಳಕಳಿಯ ಕೇಳಿಕೆ. ಸಕ್ಕರೆಯನ್ನು ಬೋಗೋಣಿಗೇ ಸುರಿಯಬೇಡಿರಿ. ಬೇರೆ ಇಡಿರಿ, ಬೇಕಾದವರು ಹಾಕಿಕೊಳ್ಳಲಿ. ಬಾಜೂಕ ಒಂದು ಕಿಟ್ಲಿಯಲ್ಲಿ ಬಿಸಿ ನೀರು, ನಾಲ್ಕು ನಿಂಬೆಹಣ್ಣು ಇರಲಿ. ಹಾಲಿಲ್ಲದ ಚಹಾ ಕೇಳಿದವನನ್ನು ಕಾಯಿಲೆಯವನಂತೆ ನೋಡಬೇಡಿರಿ. ಇನ್ನು ಆ ಕಾಗದದ ಕಪ್ಪು. ಅದರೊಳಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಇರುತ್ತದೆ. ಬಿಸಿ ಪಾನೀಯ ಹದಿನೈದು ನಿಮಿಷ ಅದರಲ್ಲಿದ್ದರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರದ ಐಐಟಿಯವರು 2020ರಲ್ಲಿ ಕಂಡುಕೊಂಡರು. ಗಾಜಿನ ಗ್ಲಾಸು ತೊಳೆಯಲು ನೀರಿಲ್ಲ ಎನ್ನುವ ನಿಮ್ಮ ಕಷ್ಟ ನನಗೆ ಗೊತ್ತು. ನಳ ಬಾರದ ವಾರದಲ್ಲಿ ನಾವೂ ಅದೇ ಊರಲ್ಲಿದ್ದೇವೆ. ಹಾಗಿದ್ದರೂ ದಿನಾ ಬರುವ ಗಿರಾಕಿಗಳು ತಮ್ಮದೇ ಗ್ಲಾಸು ಅಂಗಡಿಯಲ್ಲಿ ಇಡಬಹುದಲ್ಲ? ನಾನು ಇಟ್ಟಿದ್ದೇನೆ. ಹಿಡಿಕೆಗೆ ಕೆಂಪು ದಾರ ಕಟ್ಟಿದ ಸ್ಟೀಲಿನ ಕಪ್ಪು, ಮೊಳೆಗೆ ನೇತಾಡುತ್ತಿದೆ. ಅದರ ಬಾಜೂಕ ಈಗ ಇನ್ನೂ ಮೂರು ಕಪ್ಪು ಬಂದಿವೆ.

ಇನ್ನು ನಮ್ಮೂರ ಪೇಟೆ ದುರ್ಗದ ಬೈಲಿಗೆ ಹೋದಾಗ ಬಿಡಿ ಚಹಾಪುಡಿ ಕೊಳ್ಳುವವರು ಮನೆಗೆ ಬಂದೊಡನೆ ಸೋಸುವ ಕಾಗದದ ಮೇಲೆ ಚಿಟಿಕೆ ಪುಡಿ ಹರಡಿ, ತಣ್ಣೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ಮೇಲೆ ನಳದಡಿ ಕಾಗದ ತೊಳೆದು ನೋಡಬೇಕು. ಗಾಢ ಕಲೆ ಉಳಿದರೆ ಅದು ಬಣ್ಣ ಬೆರೆಸಿದ ಪುಡಿ.

ಮನೆಯಲ್ಲಿ ನಾವು ಬದಲಿಸಿದ್ದು ಒಂದು ಪ್ರಶ್ನೆಯನ್ನು. ‘ಚಹಾ ಮಾಡ್ಲೇನ್ರಿ?’ ಎನ್ನುತ್ತಿದ್ದ ನನ್ನ ಹೆಂಡತಿ ಈಗ ‘ಯಾವ ಚಹಾ ಮಾಡ್ಲಿ?’ ಎನ್ನುತ್ತಾಳೆ. ಮೊದಮೊದಲು ಬಂದವರಿಗೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ. ‘ಯಾವುದರೇ ಮಾಡ್ರಿ’ ಅನ್ನುತ್ತಿದ್ದರು. ಅವಳು ಬಿಡುತ್ತಿರಲಿಲ್ಲ, ಡಬ್ಬಿ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಹೋದ ಶನಿವಾರ ಗದುಗಿನಿಂದ ಬೀಗರು ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಎಷ್ಟೋ ವರ್ಷದಿಂದ ಬೇರೆಯವರ ಮನೆಯಲ್ಲಿ ಬೇಡವೆನ್ನಲಾರದೆ ಸಿಹಿ ಚಹಾ ಕುಡಿಯುತ್ತ ಬಂದವರು. ಅಡುಗೆಮನೆಯ ಬಾಗಿಲ ತನಕ ತಾವೇ ಎದ್ದು ಹೋಗಿ, ‘ಅವತ್ತ ಕೊಟ್ಟಿದ್ರಲ್ಲ ಅಕ್ಕಾರ, ನಿಂಬಿಹಣ್ಣಿಂದು, ಅದನ್ನ ಮಾಡ್ರಿ’ ಎಂದರು. ಎರಡು ಕಪ್ಪು ಕುಡಿದರು. ಹೊರಡುವಾಗ ಮಾಳಿಗೆಯಿಂದ ಗವತಿ ಚಹಾದ ಒಂದು ಬುಡ ಬೇರು ಸಮೇತ ಕಿತ್ತು, ಒದ್ದಿ ಅರಿವಿಯಲ್ಲಿ ಸುತ್ತಿ ಕೊಟ್ಟೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಹೋದರಂತೆ.