ಗಿರವಿ ಅಂಗಡಿಯ ಆಚಾರ್ರು ಮತ್ತು ನಮ್ಮ ಸಂಘದ ಆಭರಣ ಸಾಲ



ಬರುವ ವಾರ್ಷಿಕ ಮಹಾಸಭೆಯ ವಿಷಯಸೂಚಿಯಲ್ಲಿ ಆಭರಣ ಸಾಲಕ್ಕೆ ಸಂಬಂಧಪಟ್ಟ ಒಂದು ವಿಷಯವಿದೆ. ಸಂಘವು ಸಂಬಳದ ಮೇಲೆ ಒಬ್ಬ ಚಿನ್ನ ಪರೀಕ್ಷಕರನ್ನು ನೇಮಿಸಿಕೊಳ್ಳಬೇಕೇ, ಅಥವಾ ಈಗಿನಂತೆ ವಾರಕ್ಕೆ ಎರಡು ದಿನ ಹೊರಗಿನವರು ಬಂದು, ಒಡವೆ ನೋಡಿ, ಸಾಲದ ಮೊತ್ತದ ಮೇಲೆ ಕಮಿಷನ್ ತೆಗೆದುಕೊಂಡು ಹೋಗುವ ಏರ್ಪಾಡೇ ಸಾಕೇ ಎಂಬುದು ಪ್ರಶ್ನೆ. ಆಡಳಿತ ಮಂಡಳಿಯಲ್ಲಿ ಒಮ್ಮತವಿಲ್ಲ. ಕಾರ್ಯದರ್ಶಿಯಾದವನು ಇಂಥ ಸಂದರ್ಭದಲ್ಲಿ ಸುಮ್ಮನಿರುವುದು ರೂಢಿ. ಆದರೆ ನಾನು ಎಂಟು ಎಕರೆ ಅಡಿಕೆ, ಕಾಫಿ ಇರುವ ಬೆಳೆಗಾರನೂ ಹೌದು, ಒಡವೆ ಅಡವಿಟ್ಟ ಮನೆಯಲ್ಲಿ ಬೆಳೆದವನೂ ಹೌದು. ಆದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ.

ನಮ್ಮ ಪೇಟೆಯಲ್ಲಿ ಮೂರು ತಲೆಮಾರು ನಡೆದ ಒಂದು ಗಿರವಿ ಅಂಗಡಿಯಿತ್ತು. ಹಿರಿಯ ಸದಸ್ಯರಿಗೆ ಅದು ಯಾವುದೆಂದು ಹೆಸರು ಹೇಳದೆಯೇ ತಿಳಿಯುತ್ತದೆ. ನಾನು ಮೊದಲು ಅದರ ಮೆಟ್ಟಿಲು ಹತ್ತಿದ್ದು 1984ರ ಜೂನ್ ತಿಂಗಳಲ್ಲಿ, ಅಪ್ಪಯ್ಯನ ಜೊತೆ. ಮೈಲುತುತ್ತ ತರಬೇಕಿತ್ತು, ಕೊನೆಗಾರರಿಗೆ ಮುಂಗಡ ಕೊಡಬೇಕಿತ್ತು. ಆ ವರ್ಷ ಮಳೆ ಬೇಗನೆ ಹಿಡಿದಿತ್ತು. ಒಂದು ವಾರ ತಡವಾದರೆ ಕೊಳೆರೋಗಕ್ಕೆ ಅರ್ಧ ತೋಟ ಹೋಗುವುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಅಮ್ಮನ ಅವಲಕ್ಕಿ ಸರವನ್ನು ಅಪ್ಪಯ್ಯ ಪಂಚೆಯ ಮಡಿಕೆಯಲ್ಲಿ ಕಟ್ಟಿಕೊಂಡು ಬಂದಿದ್ದರು.

ಆ ಅಂಗಡಿಯಲ್ಲಿ ಇದ್ದದ್ದು ನಾಲ್ಕೇ ಜನ. ಗಾದಿಯ ಮೇಲೆ ಯಜಮಾನರು. ಇಳಿಜಾರಿನ ಮೇಜಿನ ಹಿಂದೆ ಗುಮಾಸ್ತರು. ಬೆಳಕು ಬೀಳುವ ಕಿಟಕಿಯ ಬಳಿ ಒರೆಗಲ್ಲು ಇಟ್ಟುಕೊಂಡ ಆಚಾರ್ರು. ತಿಜೋರಿ ಕೋಣೆಯ ಬಾಗಿಲಲ್ಲಿ ಒಬ್ಬ ಆಳು, ರಾತ್ರಿ ಮಲಗುವುದೂ ಅಲ್ಲಿಯೇ. ಯಜಮಾನರು ಮಾತಾಡುತ್ತಿದ್ದದ್ದು ಕಡಿಮೆ. ನಿಜವಾಗಿ ಅಂಗಡಿ ನಡೆಸುತ್ತಿದ್ದವರು ಗುಮಾಸ್ತರು ಮತ್ತು ಆಚಾರ್ರು. ಇಬ್ಬರೂ ಯಜಮಾನರ ತಂದೆಯ ಕಾಲದಲ್ಲಿ ಸೇರಿದವರು, ತಿಂಗಳ ಸಂಬಳದವರು.

ಆಚಾರ್ರು ಒಡವೆ ನೋಡುವ ಕ್ರಮವನ್ನು ನಾನು ಆಮೇಲೆ ಹಲವು ಸಲ ನೋಡಿದ್ದೇನೆ. ಸರವನ್ನು ಮೊದಲು ಅಂಗೈಯಲ್ಲಿ ಸುಮ್ಮನೆ ಹಿಡಿದುಕೊಳ್ಳುವರು. ನಂತರ ಕಪ್ಪು ಕಲ್ಲಿನ ಮೇಲೆ ಒಂದು ಗೆರೆ ಎಳೆಯುವರು, ಅದರ ಪಕ್ಕದಲ್ಲಿ ಮಟ್ಟ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ಒಂದೊಂದು ಹನಿ ಆಮ್ಲ. ಯಾವ ಗೆರೆ ಎಷ್ಟು ಮಾಸುತ್ತದೆ ಎಂಬುದರಲ್ಲಿ ಎಲ್ಲ ಇತ್ಯರ್ಥ. ಅದಾದ ಮೇಲೆ ತೂಕ. ಹಳೆಯ ಗುಂಡಿನ ಸರಗಳ ಒಳಗೆ ಅರಗು ತುಂಬಿರುತ್ತದೆ, ಬೆಂಡೋಲೆಯಲ್ಲಿ ಕಲ್ಲು ಇರುತ್ತದೆ, ಅಷ್ಟನ್ನು ಕಳೆಯಬೇಕು. ಜಗಳ ಹುಟ್ಟುವ ಜಾಗ ಇದೇ. ಆಚಾರ್ರು ಎಷ್ಟು ಕಳೆಯುತ್ತೇನೆ, ಯಾಕೆ ಕಳೆಯುತ್ತೇನೆ ಎಂದು ಗಿರಾಕಿಯ ಎದುರಿಗೇ ಬಾಯಿಬಿಟ್ಟು ಹೇಳುತ್ತಿದ್ದರು. 1963ರಲ್ಲಿ ಚಿನ್ನ ನಿಯಂತ್ರಣ ನಿಯಮ ಬಂದು, ಹೊಸ ಒಡವೆ 14 ಕ್ಯಾರೆಟ್ಟಿಗಿಂತ ಮೇಲಿರಬಾರದೆಂದು ಆದ ಕಾಲದಲ್ಲಿ ಮಾಡಿಸಿದ ಬಳೆಗಳೂ ಅವರ ಕೈಗೆ ಬರುತ್ತಿದ್ದವು. "ಇದು ಅರವತ್ಮೂರರ ಮಾಲು" ಎಂದು ಕಲ್ಲಿಗೆ ಹಚ್ಚುವ ಮೊದಲೇ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹಾಲ್‌ಮಾರ್ಕ್ ಮುದ್ರೆ ನಮ್ಮ ದೇಶದಲ್ಲಿ ಬಂದದ್ದು 2000ದಲ್ಲಿ, ಕಡ್ಡಾಯವಾಗತೊಡಗಿದ್ದು 2021ರಲ್ಲಿ. ನಮ್ಮ ಮನೆಗಳ ಪೆಟ್ಟಿಗೆಯಲ್ಲಿರುವ ಅಜ್ಜಿ ಕಾಲದ ಒಡವೆಗೆ ಇಂದಿಗೂ ಮುದ್ರೆಯಿಲ್ಲ. ಅದನ್ನು ಹೇಳಬಲ್ಲವನು ಒರೆಗಲ್ಲು ಬಲ್ಲವನೇ.

ಗುಮಾಸ್ತರದು ಇನ್ನೊಂದು ಬಗೆ. ಚೀಟಿ ಬರೆದು, ಓದಲು ಬಾರದವರಿಗೆ ಅದನ್ನು ಎರಡು ಸಲ ಓದಿ ಹೇಳುವರು. ಅಪ್ಪಯ್ಯನನ್ನು ಆ ದಿನ ಕೇಳಿದ ಮೊದಲ ಪ್ರಶ್ನೆ, "ಏನು ರಾಯ್ರೇ, ಮನೆಯಲ್ಲಿ ಅಮ್ಮನವರಿಗೆ ಗೊತ್ತುಂಟೋ?" ಎಂದು. ಒಡವೆ ಹೆಂಗಸರದು, ಸಹಿ ಮಾತ್ರ ಗಂಡಸರದು ಎಂಬುದು ಅವರಿಗೆ ತಿಳಿದಿತ್ತು. ವಾಯಿದೆ ಹತ್ತಿರ ಬಂದರೆ ಸಂತೆಗೆ ಬಂದವರ ಕೈಯಲ್ಲಿ "ಒಂದು ಸಲ ಅಂಗಡಿ ಕಡೆ ಬರಹೇಳಿ" ಎಂದಷ್ಟೇ ಹೇಳಿ ಕಳಿಸುವರು. ಯಾವ ಒಡವೆ, ಎಷ್ಟು ಸಾಲ ಎಂದು ಮೂರನೆಯವರಿಗೆ ತಿಳಿಯುತ್ತಿರಲಿಲ್ಲ. ನನ್ನ ಚಿಕ್ಕಮ್ಮನ ಮಗಳ ಮದುವೆಗೆ ಅಡವಿನಲ್ಲಿದ್ದ ಸರವನ್ನೇ ಎರಡು ದಿನದ ಮಟ್ಟಿಗೆ ಕೊಟ್ಟು ಕಳಿಸಿದ್ದುಂಟು. ಚಿಕ್ಕಮ್ಮ ಮೂರನೆಯ ದಿನ ಬೆಳಗಿನ ಬಸ್ಸಿಗೆ ಹೋಗಿ ಅದನ್ನು ಹಿಂದಕ್ಕೆ ಕೊಟ್ಟು ಬಂದರು. ಇಂಥದ್ದಕ್ಕೆ ಯಾವ ಕಾನೂನಿನಲ್ಲೂ ಅವಕಾಶವಿಲ್ಲ. ನಮ್ಮ ಸಂಘ ಹಾಗೆ ಮಾಡಲಿ ಎಂದೂ ನಾನು ಹೇಳುವುದಿಲ್ಲ. ಲೆಕ್ಕ ಪರಿಶೋಧಕರು ನನ್ನನ್ನು ಬಿಡಲಾರರು.

ಆ ಅಂಗಡಿಯನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಂಬಿಕೆ ಕಡಿಮೆಯಿದ್ದ ಕಡೆ ಮೂರು. ಪೇಟೆಯ ನಡುವೆ ಆ ಮನೆತನದವರು ಎತ್ತಿದ ಉಪ್ಪರಿಗೆ ಮನೆ ನಮ್ಮಂಥವರ ಬಡ್ಡಿಯದೇ. ತೋಟದ ಆಳುಗಳು ತಂದ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಎಷ್ಟೋ ಸಲ ಚೀಟಿಯೇ ಇರುತ್ತಿರಲಿಲ್ಲ. 1961ರ ಕರ್ನಾಟಕ ಗಿರವಿದಾರರ ಕಾಯಿದೆ ಪರವಾನಗಿ ಬೇಕು, ಚೀಟಿ ಕೊಡಬೇಕು, ಬಿಡಿಸಿಕೊಳ್ಳದ ಮಾಲನ್ನು ಹರಾಜಿನಲ್ಲೇ ಮಾರಬೇಕು ಎನ್ನುತ್ತದೆ. ಓದಿಕೊಂಡವರಿಗೆ ಅದು ಅನ್ವಯವಾಗುತ್ತಿತ್ತು, ಓದದವರಿಗೆ ಇಲ್ಲ.

ದೇವರಾಜ ಅರಸು ಅವರ ಸರ್ಕಾರದ 1976ರ ಋಣ ಪರಿಹಾರ ಕಾಯಿದೆಯಿಂದ ಸಣ್ಣ ರೈತರ, ಭೂಹೀನ ಕೂಲಿಗಾರರ ಸಾಲ ತೀರಿ, ಅಡವಿಟ್ಟ ಒಡವೆ ಬಿಡುಗಡೆಯಾಯಿತು. ನ್ಯಾಯವಾದ ಕೆಲಸವೇ. ಆದರೆ ಮರುವರ್ಷ ಮಳೆಗಾಲಕ್ಕೆ ಅದೇ ಜನ ಅಂಗಡಿಯ ಮೆಟ್ಟಿಲು ಹತ್ತಿದಾಗ "ನಿಮಗೆ ಕೊಡುವುದಿಲ್ಲ" ಎಂಬ ಉತ್ತರ ಸಿಕ್ಕಿತೆಂದು ಅಪ್ಪಯ್ಯ ಹೇಳುತ್ತಿದ್ದರು. 2019ರ ಜುಲೈನಲ್ಲಿ ಇನ್ನೊಂದು ಋಣ ಪರಿಹಾರ ಕಾಯಿದೆ ಜಾರಿಗೆ ಬಂದು, ಉಪವಿಭಾಗಾಧಿಕಾರಿಗಳ ಕಚೇರಿಯ ಮುಂದೆ ಚೀಟಿ ಹಿಡಿದು ಜನ ಸಾಲು ನಿಂತಾಗ ನನಗೆ ಅದೇ ನೆನಪಾಯಿತು. ಮನ್ನಾ ಆದ ಮೇಲೆ ಮುಂದಿನ ಜೂನ್ ತಿಂಗಳ ಮೈಲುತುತ್ತಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಸಹಕಾರ ಸಂಘವೇ ಉತ್ತರ ಕೊಡಬೇಕು.

ಅಂಗಡಿ ಮುಚ್ಚಿದ ಕಥೆ ನಮ್ಮ ಈಗಿನ ಚರ್ಚೆಗೆ ನೇರವಾಗಿ ತಾಗುತ್ತದೆ. ಆಚಾರ್ರು ಕಣ್ಣು ಮಂಜಾಗಿ ಮನೆ ಸೇರಿದರು. ಅವರ ಮಗ ಬೆಂಗಳೂರಿನಲ್ಲಿ ಬೇರೆ ಉದ್ಯೋಗ ಹಿಡಿದಿದ್ದ. ಮೂರನೆಯ ತಲೆಮಾರಿನ ಯಜಮಾನರು ಸಂಬಳ ಉಳಿಸುವ ಯೋಚನೆಯಿಂದ ಹೊರಗಿನ ಒಬ್ಬರನ್ನು ಸಾಲದ ಮೇಲೆ ಇಷ್ಟೆಂದು ಗೊತ್ತು ಮಾಡಿದರು. ಸಾಲ ದೊಡ್ಡದಾದಷ್ಟೂ ಅವರಿಗೆ ಲಾಭ. ಎರಡು ವರ್ಷ ಕಳೆಯುವುದರಲ್ಲಿ ತಿಜೋರಿಯಲ್ಲಿ ಚಿನ್ನದ ಲೇಪದ ಬಳೆಗಳು ಸೇರಿಕೊಂಡಿದ್ದವು. ಇಟ್ಟವರು ಬಿಡಿಸಿಕೊಳ್ಳಲು ಬರಲಿಲ್ಲ, ಬರುವ ಉದ್ದೇಶವೂ ಅವರಿಗಿರಲಿಲ್ಲ. 2009ರಲ್ಲಿ ಅಂಗಡಿ ಮುಚ್ಚಿತು. ಗುಮಾಸ್ತರು ಕೊನೆಯ ಆರು ತಿಂಗಳು ಊರೂರಿಗೆ ಹೋಗಿ, ಚೀಟಿ ಇದ್ದವರ ಮಾಲನ್ನು ಹಿಂದಿರುಗಿಸುವ ಏರ್ಪಾಡು ಮಾಡಿದರು.

ಕುಟುಂಬದ ವ್ಯಾಪಾರಗಳೆಲ್ಲ ಹೀಗೆಯೇ ಮುಗಿಯುತ್ತವೆಂದಲ್ಲ. ನೆರೆಯ ಕೇರಳದ ಕೋಳಂಚೇರಿಯಲ್ಲಿ ಮುತ್ತೂಟ್ ನೈನಾನ್ ಮತ್ತಾಯಿ ಎಂಬವರು 1887ರಲ್ಲಿ ಒಂದು ವ್ಯಾಪಾರ ಆರಂಭಿಸಿದರು. ಬ್ರಿಟಿಷರ ತೋಟಗಳಿಗೆ ದಿನಸಿ ಒದಗಿಸುವುದೂ ಆ ಮನೆತನದ ಕಸುಬಾಗಿತ್ತು. ಅಂದರೆ ನಮ್ಮಂತೆಯೇ ತೋಟವನ್ನು ನಂಬಿದ ಬದುಕು. ಮಗ ಎಂ. ಜಾರ್ಜ್ ಮುತ್ತೂಟ್ 1939ರಲ್ಲಿ ಚಿನ್ನದ ಮೇಲೆ ಸಾಲ ಕೊಡತೊಡಗಿದರು. ಅದೇ ಅಂಗಡಿ ಕಂಪೆನಿಯಾಗಿ, 2011ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿ, ದೇಶದ ತುಂಬ ಸಾವಿರಾರು ಶಾಖೆ ತೆರೆಯಿತು. ತ್ರಿಶ್ಶೂರು ಜಿಲ್ಲೆಯ ವಲಪ್ಪಾಡಿನಲ್ಲಿ ವಿ. ಸಿ. ಪದ್ಮನಾಭನ್ ಅವರು 1949ರಲ್ಲಿ ಹೂಡಿದ ಗಿರವಿ ವ್ಯಾಪಾರವನ್ನು 1986ರಲ್ಲಿ ಮಗ ವಹಿಸಿಕೊಂಡು ಮಣಪ್ಪುರಂ ಎಂಬ ಕಂಪೆನಿಯನ್ನಾಗಿ ಬೆಳೆಸಿದರು. ಈ ಎರಡರ ಫಲಕಗಳೂ ಮಲೆನಾಡಿನ ಪೇಟೆಗಳಿಗೆ ಬಂದಿವೆ. ಬಂಡವಾಳ, ಜಾಹೀರಾತು ಇವುಗಳ ಮಾತು ಇರಲಿ. ನಾನು ಗಮನಿಸಿದ್ದು ಒಂದೇ ಅಂಶ: ಇಂಥ ಕಂಪೆನಿಗಳು ಒಡವೆ ನೋಡುವ ವಿದ್ಯೆಯನ್ನು ಶಾಖೆಯ ತಮ್ಮ ನೌಕರರಿಗೇ ಕಲಿಸುತ್ತವೆ. ಅದರಿಂದಲೇ ಬಾಗಿಲು ತೆರೆದಿರುವಷ್ಟು ಹೊತ್ತೂ ಸಾಲ ಕೊಡುವುದು ಅವಕ್ಕೆ ಸಾಧ್ಯವಾಗಿದೆ.

ಇನ್ನು ನಮ್ಮ ಸಂಘದ ತಪ್ಪನ್ನು ಹೇಳಬೇಕು. ಕಳೆದ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಒಬ್ಬ ಸದಸ್ಯರು ಒಂದು ಸೋಮವಾರ ನಾಲ್ಕು ಬಳೆ ತಂದರು. ಶನಿವಾರದ ಬಟವಾಡೆ ಬಾಕಿ ಉಳಿದಿತ್ತು. ಆಳುಗಳು ಬೇರೆ ತೋಟಕ್ಕೆ ಹೊರಟು ನಿಂತಿದ್ದರು, ಹಣ್ಣು ಉದುರತೊಡಗಿತ್ತು. ನಮ್ಮ ಪರೀಕ್ಷಕರು ಬರುವುದು ಬುಧವಾರ ಮತ್ತು ಶುಕ್ರವಾರ. "ನಾಡಿದ್ದು ಬನ್ನಿ" ಎಂದು ಹೇಳಿದವನು ನಾನೇ. ಅವರು ಪೇಟೆಯ ಒಂದು ಖಾಸಗಿ ಸಂಸ್ಥೆಗೆ ಹೋದರು, ಅರ್ಧ ಗಂಟೆಯಲ್ಲಿ ಹಣ ಸಿಕ್ಕಿತು. ಕಾಗದದಲ್ಲಿ ಏನಿದೆಯೆಂದು ಅವರು ಓದಲಿಲ್ಲ, ಓದಿ ಹೇಳುವವರೂ ಇರಲಿಲ್ಲ. ಬಡ್ಡಿ ತಿಂಗಳು ತಿಂಗಳು ಕಟ್ಟದಿದ್ದರೆ ದರ ಏರುತ್ತದೆಂಬುದು ಆಮೇಲೆ ತಿಳಿಯಿತು. ನೋಟೀಸು ಹಳೆಯ ವಿಳಾಸಕ್ಕೆ ಹೋಯಿತು. ಬಳೆಗಳು ಹರಾಜಾದವು. ಅವರ ಮನೆಯವರು ಈಗಲೂ ನನ್ನನ್ನು ಕಂಡರೆ ಮಾತಾಡಿಸುತ್ತಾರೆ. ಅದು ಅವರ ದೊಡ್ಡತನ.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಚಿನ್ನ, ಬೆಳ್ಳಿಯ ಒತ್ತೆ ಸಾಲದ ಬಗ್ಗೆ ನಿರ್ದೇಶನ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಪಾಲಿಸಬೇಕೆಂದಿತು. ಒಡವೆಯನ್ನು ಸಾಲಗಾರನ ಎದುರಿಗೇ ಪರೀಕ್ಷಿಸಬೇಕು. ಕಲ್ಲು ಮೊದಲಾದವುಗಳಿಗೆ ಎಷ್ಟು ಕಳೆದೆವೆಂದು ತಿಳಿಸಿ ಬರವಣಿಗೆಯಲ್ಲಿ ಕೊಡಬೇಕು. ಸ್ವಂತ ಖರ್ಚಿನ ಸಾಲವಾದರೆ 2.5 ಲಕ್ಷ ರೂಪಾಯಿಯವರೆಗೆ ಮೌಲ್ಯದ ಶೇ. 85, 5 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75 ಮಾತ್ರ. ಸಾಲ ಪೂರ್ತಿ ತೀರಿದ ಮೇಲೆ ಒಡವೆಯನ್ನು ಅದೇ ದಿನ, ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಕೊಡಬೇಕು. ತಪ್ಪು ಸಾಲ ಕೊಟ್ಟವರದಾದರೆ ಆನಂತರದ ಪ್ರತಿ ದಿನಕ್ಕೆ 5,000 ರೂಪಾಯಿ ಪರಿಹಾರ. ಹರಾಜಿನಲ್ಲಿ ಹೆಚ್ಚು ಬಂದರೆ ಮಿಕ್ಕ ಹಣ ಸಾಲಗಾರನಿಗೆ. ಈ ನಿರ್ದೇಶನ ಬ್ಯಾಂಕುಗಳಿಗೆ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಿಗೆ, ಹಣಕಾಸು ಕಂಪೆನಿಗಳಿಗೆ. ನಮ್ಮಂಥ ಪ್ರಾಥಮಿಕ ಸಂಘಗಳು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲವೆಂದು ನಾವು ಇದಕ್ಕಿಂತ ಕೆಳಗೆ ನಡೆಯುವುದು ಸರಿಯೆಂದು ನನಗೆ ತೋರುವುದಿಲ್ಲ. ಆಚಾರ್ರು ಕಿಟಕಿಯ ಬಳಿ ಕುಳಿತು ಬಾಯಿಮಾತಿನಲ್ಲಿ ಮಾಡುತ್ತಿದ್ದದ್ದನ್ನೇ ರಿಸರ್ವ್ ಬ್ಯಾಂಕ್ ಈಗ ಕಾಗದದಲ್ಲಿ ಕೇಳುತ್ತಿದೆ.

ಸಂಬಳದ ಪರೀಕ್ಷಕರಿಗೆ ಆಕ್ಷೇಪಗಳಿವೆ. ಖರ್ಚು ಹೆಚ್ಚುತ್ತದೆ ಎಂಬುದು ಮೊದಲನೆಯದು, ನಿಜವೂ ಹೌದು. ಜುಲೈಯಿಂದ ಅಕ್ಟೋಬರ್‌ವರೆಗೆ ಅವರಿಗೆ ಕೆಲಸ ಕಡಿಮೆಯಿರುತ್ತದೆ. ಆ ತಿಂಗಳುಗಳಲ್ಲಿ ಗೊಬ್ಬರದ ದಾಸ್ತಾನಿನ ಲೆಕ್ಕವನ್ನೂ ಅವರಿಗೆ ವಹಿಸಬಹುದು. ಒಬ್ಬನೇ ಮನುಷ್ಯನ ಕೈಗೆ ತಿಜೋರಿ ಕೊಟ್ಟಂತೆ ಆಗುತ್ತದೆ ಎಂಬುದು ಎರಡನೆಯದು, ಇದು ಹೆಚ್ಚು ತೂಕದ ಮಾತು. ಇದಕ್ಕಾಗಿ ಬೀಗದ ಕೈ ಎರಡು, ಇಬ್ಬರ ಬಳಿ ಇರಬೇಕು. ಮೂರು ತಿಂಗಳಿಗೊಮ್ಮೆ ಹೊರಗಿನ ಪರೀಕ್ಷಕರಿಂದ ಕೆಲವು ಪೊಟ್ಟಣಗಳನ್ನು ಆರಿಸಿ ತೆಗೆಸಿ ಮರುಪರೀಕ್ಷೆ ನಡೆಯಬೇಕು, ಯಾವ ಪೊಟ್ಟಣವೆಂದು ಮುಂಚಿತವಾಗಿ ಯಾರಿಗೂ ತಿಳಿದಿರಬಾರದು, ಕಾರ್ಯದರ್ಶಿಗೂ. ಮೂರನೆಯ ಆಕ್ಷೇಪ, ಮಂಡಳಿಯ ಒಬ್ಬರು ಎತ್ತಿದ್ದು: ಸುಲಭವಾಗಿ ಸಿಕ್ಕರೆ ಜನ ಒಡವೆಯನ್ನೆಲ್ಲ ತಂದಿಡುತ್ತಾರೆ ಎಂದು. ಬೆಳೆ ಇಲ್ಲದ ಜೂನ್ ತಿಂಗಳಲ್ಲಿ ಒಡವೆ ಇಟ್ಟು, ಅಡಿಕೆ ಮಂಡಿಯ ಹಣ ಬಂದ ಫೆಬ್ರವರಿಯಲ್ಲಿ ಬಿಡಿಸುವುದು ಈ ಸೀಮೆಯ ಸಂಸಾರಗಳ ಹಳೆಯ ಲೆಕ್ಕ. ಸಂಘ ಕೊಡದಿದ್ದರೆ ಅವರು ಇಡುವುದನ್ನು ಬಿಡುವುದಿಲ್ಲ, ಬೇರೆಡೆ ಇಡುತ್ತಾರೆ.

ಜೊತೆಗೆ ಎರಡು ಸಣ್ಣ ಬದಲಾವಣೆಗಳನ್ನೂ ಸಭೆಯ ಮುಂದಿಡುತ್ತಿದ್ದೇನೆ. ಸಂತೆಯ ದಿನ ಸಂಜೆ ಏಳರವರೆಗೆ ಆಭರಣ ಸಾಲದ ಮೇಜು ತೆರೆದಿರಬೇಕು. ಮತ್ತು ಒಡವೆ ಯಾರದೋ ಆ ಹೆಣ್ಣುಮಗಳ ಸಹಿಯೂ ಚೀಟಿಯ ಮೇಲೆ ಇರಬೇಕು. ಎರಡನೆಯದಕ್ಕೆ ಗಂಡಸರ ವಿರೋಧ ಬರಬಹುದು, ಬರಲಿ.

ಸಭೆಗೆ ಬರಲಾಗದವರು ಅಭಿಪ್ರಾಯವನ್ನು ಸಭೆಗೆ ಮುಂಚೆ ಲಿಖಿತವಾಗಿ ಕಳಿಸಬಹುದು. ಸಂತೆಯ ದಿನ ನಾನು ಕಚೇರಿಯಲ್ಲಿರುತ್ತೇನೆ. ಆ ಹಳೆಯ ಗುಮಾಸ್ತರು, ಈಗ ಎಂಬತ್ತು ದಾಟಿದ್ದಾರೆ, ನಮ್ಮ ಚೀಟಿಯ ನಮೂನೆಯನ್ನು ಒಮ್ಮೆ ಓದಿ ನೋಡಲು ಒಪ್ಪಿದ್ದಾರೆ. ಅಕ್ಷರ ಸಣ್ಣದಾಯಿತೆಂದು ಈಗಾಗಲೇ ಹೇಳಿ ಕಳಿಸಿದ್ದಾರೆ.