ಚಕ್ಕೆಯ ಹೊದಿಕೆಗೆ ಗೆದ್ದಲು ಬಂದೀತೆ?

ಗುಂಡ್ಲುಪೇಟೆಯಿಂದ ಊಟಿಯ ರಸ್ತೆ ಹಿಡಿದು ಹಂಗಳಕ್ಕೆ ಬಂದು, ಅಲ್ಲಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದತ್ತ ತಿರುಗುವ ಯಾತ್ರಿಕರ ಕಣ್ಣು ಚೆಂಡುಹೂವಿನ, ಸೂರ್ಯಕಾಂತಿಯ ಹೊಲಗಳ ಮೇಲೆಯೇ ನೆಟ್ಟಿರುತ್ತದೆ. ಬದುವಿನ ಮೇಲೆ ಗೋಪುರದಂತೆ ನಿಂತ ಹುತ್ತಗಳನ್ನು ಅವರು ಗಮನಿಸುವುದಿಲ್ಲ. ಊರಿನ ಗೃಹಸ್ಥನಿಗಾದರೋ ಹೂವಿಗಿಂತ ಹುತ್ತದ ಚಿಂತೆಯೇ ಹೆಚ್ಚು. ಹಿತ್ತಲಿನ ತೆಂಗಿನ ಸಸಿಗೆ, ನಿಂಬೆಯ ಗಿಡಕ್ಕೆ ಮರದ ಚಕ್ಕೆ ಹೊದಿಸಿರೆಂದು ಯಾರಾದರೂ ಹೇಳಿದರೆ, “ಗೆದ್ದಲಿಗೆ ಔತಣ ಮಾಡಿಸುತ್ತೀರಾ?” ಎಂದು ಕೂಡಲೆ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ.

ಚಕ್ಕೆಯೇನೂ ಗೆದ್ದಲನ್ನು ಹುಟ್ಟಿಸುವುದಿಲ್ಲ. ನಮ್ಮ ಸೀಮೆಯ ಗೆದ್ದಲು ಮೊದಲಿನಿಂದಲೂ ನೆಲದೊಳಗೇ ಇದೆ. ದುಡಿಯುವ ಗೆದ್ದಲಿನ ಮೈ ಬಲು ಮೃದು. ಬಿಸಿಲು ಗಾಳಿ ಸೋಕಿದರೆ ಒಣಗಿ ಸಾಯುತ್ತದೆ. ಆದುದರಿಂದಲೇ ಅದು ಹೋದಲ್ಲೆಲ್ಲ ಮಣ್ಣಿನ ಕೊಳವೆ ಕಟ್ಟಿಕೊಂಡು ಹೋಗುವುದು. ಮೆದ್ದ ಮರದಿಂದ ಗೂಡಿನಲ್ಲಿ ಜೇನುಹಲ್ಲೆಯಂಥ ತೋಟ ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆದು, ಆ ಬೆಳೆಯನ್ನು ಉಣ್ಣುತ್ತದೆ. ಮಳೆಗಾಲದಲ್ಲಿ ಹುತ್ತದ ಬಳಿ ಎದ್ದು ನಮ್ಮ ಸಾರಿಗೆ ರುಚಿ ಕೊಡುವ ಅಣಬೆ ಆ ಶಿಲೀಂಧ್ರದ್ದೇ! ಇಂಥ ಬೇಸಾಯಗಾರನಿಗೆ ಹೊದಿಕೆಯ ಕೆಳಗಿನ ನೆರಳು, ತೇವ, ಸತ್ತ ಮರ ಮೂರೂ ಅನುಕೂಲವೆ. ಹೊದಿಕೆ ಹಾಕಿದಲ್ಲಿ ಗೆದ್ದಲು ಬಂದೀತು ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು.

ಹಾಗಾದರೆ ಹೊದಿಕೆ ಬೇಡವೆ? ಘಟ್ಟದ ಮಳೆನೆರಳಿನಲ್ಲಿರುವ, ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದಿರುವ ಈ ತಾಲ್ಲೂಕಿನಲ್ಲಿ ಬೇಡವೆನ್ನಲು ನಮಗೆ ಧೈರ್ಯ ಸಾಲದು. ಮಾಗಿ ಕಳೆದ ಮೇಲಿನ ಬಿಸಿಲು ಬರಿಯ ನೆಲದಿಂದ ಹೀರುವ ನೀರೆಷ್ಟು! ಅಲ್ಲದೆ, ಗೆದ್ದಲು ಹಸಿ ಗಿಡದ ಮೇಲೆ ಬೀಳುವುದು ಬಹುಮಟ್ಟಿಗೆ ಆ ಗಿಡ ಬಾಯಾರಿ ಸೊರಗಿದಾಗ. ಬರಗಾಲದಲ್ಲಿ ನೆಲಗಡಲೆ, ಮೆಣಸಿನ ಗಿಡ, ಎಳೆಯ ನೀಲಗಿರಿ ಒಣಗಿ ಬೀಳುವುದನ್ನು ಕಂಡ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರಿನ ತೇವ ಕಾಯುವ ಹೊದಿಕೆ ಗಿಡಕ್ಕೆ ಶತ್ರುವಾಗಲಾರದು. ದೊಡ್ಡ ಮಾವಿನ ಮರಕ್ಕೆ ಗೆದ್ದಲು ಮಣ್ಣು ಮೆತ್ತಿದರೂ ಸಾಮಾನ್ಯವಾಗಿ ತಿನ್ನುವುದು ಸತ್ತ ತೊಗಟೆಯನ್ನು. ಪೊರಕೆಯಿಂದ ಉಜ್ಜಿದರೆ ತೀರಿತು.

ನಿಜವಾದ ಅಪಾಯವಿರುವುದು ಮನೆಯ ಗೋಡೆಯ ಬುಡದಲ್ಲಿ. ಮಣ್ಣಿನ ಗೋಡೆ, ನಾಡಹೆಂಚು, ಮರದ ತೊಲೆಗಳ ಹಳೆಯ ಮನೆಗಳು ಈ ಕಡೆ ಇನ್ನೂ ಉಂಟು. ಚಕ್ಕೆಯ ರಾಶಿ ಗೋಡೆಗೆ ತಗುಲಿದರೆ ಗೆದ್ದಲಿನ ಕೊಳವೆ ಅದರ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬಾಗಿಲುವಾಡಕ್ಕೇರುತ್ತದೆ. ಆದ್ದರಿಂದ ಗೋಡೆಯಿಂದ ಒಂದು ಮೊಳ ನೆಲವನ್ನು ಬರಿದಾಗಿಯೇ ಬಿಡಿ. ಗಿಡದ ಕಾಂಡದಿಂದ ಒಂದು ಗೇಣು. ದಪ್ಪ 2-3 ಅಂಗುಲಕ್ಕೆ ಮೀರದಿರಲಿ. ಚಕ್ಕೆಯನ್ನು ಮಣ್ಣಿನೊಳಗೆ ಬೆರೆಸಲೂಬಾರದು. ಕೊಳೆಯುವಾಗ ಅದು ನೆಲದ ಸಾರಜನಕವನ್ನು ಹಿಡಿದಿಟ್ಟು ಗಿಡವನ್ನು ಹಳದಿಗೊಳಿಸುತ್ತದೆ. ವಾರಕ್ಕೊಮ್ಮೆ ಕೋಲಿನಿಂದ ಮಗುಚಿದರೆ ಕೊಳವೆಗಳು ಒಡೆದು ಒಣಗುತ್ತವೆ. ಕೋಳಿಗಳಿದ್ದರೆ ಈ ಕೆಲಸವನ್ನು ಅವಕ್ಕೇ ಒಪ್ಪಿಸಬಹುದು. ಎಳೆಯ ಸಸಿಗಳಿಗೆ ಮೊದಲ ವರ್ಷ ಚಕ್ಕೆಗಿಂತ ಬೇಗ ಕರಗುವ ಗೊಬ್ಬರದ ಗಿಡದ ಸೊಪ್ಪೇ ಲೇಸು. ನೆಡುವ ಗುಂಡಿಗೆ ಬೇವಿನ ಹಿಂಡಿ ಹಾಕುವ ರೂಢಿಯನ್ನೂ ಬಿಡಬೇಡಿ.

ಹಿಂದೆ ಇಂಥ ಅಂಕಣಗಳಲ್ಲಿ ಆಲ್ಡ್ರಿನ್ ಪುಡಿಯೆಂಬ ಒಂದೇ ಮಾತಿನ ಉತ್ತರ ಸಿಗುತ್ತಿತ್ತು. ಆ ವಿಷ ನೆಲದಲ್ಲಿ ವರ್ಷಗಟ್ಟಲೆ ಉಳಿದು ಜೀವಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುವುದೆಂದು ತಿಳಿದ ಮೇಲೆ, 2001ರ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ತ್ಯಾಜ್ಯ ವಿಷಗಳ ಮೊದಲ ಪಟ್ಟಿಗೇ ಸೇರಿಸಿತು. ನಮ್ಮ ದೇಶದಲ್ಲಿಯೂ ಅದು ನಿಷಿದ್ಧ. ಹುತ್ತವನ್ನು ಹಾರೆಯಿಂದ ಒಡೆಯುವುದೂ ವ್ಯರ್ಥಶ್ರಮ; ರಾಣಿ ಒಳಗಡೆ ಭದ್ರವಾಗಿರುವ ತನಕ ಒಡೆದದ್ದನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಬದುವಿನ ಹುತ್ತ ಮನೆಗೆ ದೂರವಿದ್ದರೆ ನಾಗರಪಂಚಮಿಯ ಹಾಲಿಗೆ ಅದು ಇದ್ದುಕೊಳ್ಳಲಿ.

ಮುಂಗಾರಿನ ಮೊದಲ ಮಳೆಗಳ ಸಂಜೆ ದೀಪಕ್ಕೆ ಮುತ್ತುವ ಈಚಲು ಹುಳುಗಳನ್ನು ಕಂಡು ಗಾಬರಿಪಡಬೇಡಿ. ಅವು ಹೊರಗಿನಿಂದ ಬಂದ ಅತಿಥಿಗಳು. ಆದರೆ ಅವು ನಿಮ್ಮ ಗೋಡೆಯ ಬಿರುಕಿನಿಂದಲೇ ಹೊರಬೀಳುತ್ತಿದ್ದರೆ, ಮರುದಿನ ಬೆಳಗ್ಗೆ ಆ ಬದಿಯ ಹೊದಿಕೆಯನ್ನೆಲ್ಲ ಎಳೆದುಹಾಕಿ ಬಾಗಿಲುವಾಡವನ್ನು ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಕೇಳಿದರೆ ಬಡಗಿಯನ್ನು ಕರೆಸಲು ತಡಮಾಡಬೇಡಿ.