ಹೇಳುವ ಲೆಕ್ಕ, ಎಣಿಸುವ ಲೆಕ್ಕ

ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ರಾಜ್ಯದಲ್ಲಿ ಎರಡು ವಿಧದ ಜನಸಂಖ್ಯಾ ತಜ್ಞರು ತಲೆಯೆತ್ತುತ್ತಾರೆ. ಮೊದಲನೆಯವರು, ಇನ್ನು ಕೆಲವೇ ದಶಕಗಳಲ್ಲಿ ಮುಸ್ಲಿಮರು ಬಹುಸಂಖ್ಯಾತರಾಗಲಿದ್ದಾರೆಂದು ಭಯ ಬಿತ್ತುವವರು. ಎರಡನೆಯವರು ನಮ್ಮವರೇ. ಸರಕಾರದ ಅಂಕಿಅಂಶವೆಲ್ಲ ಸುಳ್ಳು, ನಾವು ಅದರ ಇಮ್ಮಡಿ ಇದ್ದೇವೆ ಎಂದು ಸಮಾವೇಶಗಳ ವೇದಿಕೆಯಲ್ಲಿ ಮೇಜು ಗುದ್ದಿ ಹೇಳುವವರು. ಇವರ ಭಾಷಣವನ್ನು ಅವರು ಸಾಕ್ಷ್ಯವಾಗಿ ಬಳಸಿಕೊಳ್ಳುತ್ತಾರೆ. ಜನಗಣತಿಯ ವರದಿಯ ಒಂದು ಪುಟವನ್ನಾದರೂ ತಿರುವಿ ನೋಡುವ ಶ್ರಮವನ್ನು ಮಾತ್ರ ಇಬ್ಬರೂ ತೆಗೆದುಕೊಳ್ಳುವುದಿಲ್ಲ.

ಆ ವರದಿಗಳಲ್ಲಿ ಏನಿದೆ? ಕರ್ನಾಟಕದಲ್ಲಿ ಮುಸ್ಲಿಮರ ಪಾಲು 1981ರಲ್ಲಿ ಶೇ. 11.05, 1991ರಲ್ಲಿ ಶೇ. 11.64, 2001ರಲ್ಲಿ ಶೇ. 12.23, 2011ರಲ್ಲಿ ಶೇ. 12.92. ಮೂವತ್ತು ವರ್ಷಗಳಲ್ಲಿ ನೂರಕ್ಕೆ ಎರಡರಷ್ಟೂ ಏರಿಕೆಯಾಗಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ದೇಶದ ಮುಸ್ಲಿಮ್ ಮಹಿಳೆಗೆ ಸರಾಸರಿ 4.4 ಮಕ್ಕಳಿದ್ದರೆ, 2019-21ರ ಹೊತ್ತಿಗೆ ಅದು 2.36ಕ್ಕೆ ಇಳಿಯಿತು. ಹಿಂದೂಗಳಲ್ಲಿ ಅದು 3.3ರಿಂದ 1.94ಕ್ಕೆ ಇಳಿಯಿತು. ಇಳಿಮುಖ ಎಲ್ಲರಲ್ಲೂ ಇದೆ, ನಮ್ಮಲ್ಲಿ ಅದರ ವೇಗ ಹೆಚ್ಚು.

ಅಂಕಿ ಎಷ್ಟು ಸುಲಭವಾಗಿ ಆಯುಧವಾಗುತ್ತದೆಂಬುದನ್ನು ನಾವು 2004ರಲ್ಲಿ ಕಂಡಿದ್ದೇವೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಧರ್ಮಾಧಾರಿತ ವರದಿ ಹೊರಬಿದ್ದಾಗ, ದಶಕದಲ್ಲಿ ಮುಸ್ಲಿಮರು ಶೇ. 36ರಷ್ಟು ಹೆಚ್ಚಿದರೆಂಬ ಸುದ್ದಿ ದೇಶವಿಡೀ ಹಬ್ಬಿತು. ಜಮ್ಮು ಕಾಶ್ಮೀರದಲ್ಲಿ 1991ರ ಗಣತಿಯೇ ನಡೆದಿರಲಿಲ್ಲ. ಅಲ್ಲಿನ ಜನರನ್ನು 2001ರ ಲೆಕ್ಕಕ್ಕೆ ಸೇರಿಸಿ, ಅವರಿಲ್ಲದ ಹಳೆಯ ಲೆಕ್ಕದೊಂದಿಗೆ ಹೋಲಿಸಲಾಗಿತ್ತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು, ಬೆಳವಣಿಗೆ ಶೇ. 29.3 ಎಂದಾಯಿತು. ಹಿಂದಿನ ದಶಕಕ್ಕಿಂತ ಅದು ಕಡಿಮೆಯೇ ಆಗಿತ್ತು. ಆದರೆ ತಿದ್ದುಪಡಿಯ ಕರಪತ್ರ ಹಂಚಿದವರು ಯಾರು?

ಇನ್ನು ನಮ್ಮ ಊರುಗಳಿಗೆ ಬರೋಣ. ಒಂದು ನಾಡಿನ ಜನಸಂಖ್ಯೆಯನ್ನು ಬದಲಿಸುವ ಸಂಗತಿಗಳು ಮೂರೇ: ಹುಟ್ಟು, ಸಾವು ಮತ್ತು ವಲಸೆ. ಎರಡು ಗಣತಿಗಳ ನಡುವಿನ ವರ್ಷಗಳಿಗೆ ಅಂದಾಜು ಮಾಡುವವರು ಈ ಮೂರನ್ನೇ ಕೂಡಿ ಕಳೆಯುತ್ತಾರೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲೂಕುಗಳಲ್ಲಿ ಈ ಮೂರೂ ಜಾರಿಕೊಳ್ಳುತ್ತವೆ. ಮೊಳಕಾಲ್ಮೂರು ಆಂಧ್ರದ ಗಡಿಗೆ ಅಂಟಿಕೊಂಡಿರುವ ತಾಲೂಕು. ರಾಯದುರ್ಗದ ಹೆಣ್ಣು ಇಲ್ಲಿಗೆ ಸೊಸೆಯಾಗಿ ಬರುತ್ತಾಳೆ, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಜನನ ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗಬೇಕೆಂಬುದು 1969ರ ಕಾಯ್ದೆಯ ನಿಯಮ. ಆದ್ದರಿಂದ ಇಲ್ಲಿನ ಮಗು ಆಂಧ್ರದ ಪುಸ್ತಕದಲ್ಲಿ ದಾಖಲಾಗುತ್ತದೆ. ಚಳ್ಳಕೆರೆಯ ತಾಯಿ ಚಿತ್ರದುರ್ಗದ ಅಥವಾ ಬಳ್ಳಾರಿಯ ಆಸ್ಪತ್ರೆಯಲ್ಲಿ ಹೆತ್ತರೂ ಹೀಗೆಯೇ. ಅತ್ಯಂತ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ಸಂಸಾರ ಸಮೇತ ಬೆಂಗಳೂರಿಗೆ ಗುಳೆ ಹೋಗುವವರ ಹೆಸರು ಯಾವ ಪುಸ್ತಕದಲ್ಲೂ ಏರುವುದಿಲ್ಲ. ಹುಟ್ಟು ಸಾವುಗಳಿಗೆ ಮಾದರಿ ನೋಂದಣಿ ವ್ಯವಸ್ಥೆಯಾದರೂ ಇದೆ. ಆಯ್ದ ಊರುಗಳಲ್ಲಿ ಒಬ್ಬರು ನಿರಂತರವಾಗಿ ದಾಖಲಿಸುತ್ತಾರೆ, ಇನ್ನೊಬ್ಬರು ಆರು ತಿಂಗಳಿಗೊಮ್ಮೆ ಬಂದು ತಾಳೆ ನೋಡುತ್ತಾರೆ. ಗುಳೆಯನ್ನು ಹಿಡಿಯುವ ಇಂತಹ ಜರಡಿ ಇಲ್ಲ. ಮನೆಮನೆಗೆ ಹೋಗಿ ಎಣಿಸುವ ಗಣತಿಗೆ ಪರ್ಯಾಯವಿಲ್ಲವೆಂದು ನಾವು ಹೇಳುವುದು ಇದರಿಂದಲೇ.

ಎಣಿಕೆಯ ಬೆಲೆಯನ್ನು ಈ ಮಣ್ಣು ಬಲ್ಲದು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ನಡುವೆ 1876-78ರ ಭೀಕರ ಬರ ಬಂದು ಹೋಯಿತು. 1881ರಲ್ಲಿ ಉಳಿದವರು 41,86,188. ಎಂಟೂಮುಕ್ಕಾಲು ಲಕ್ಷದಷ್ಟು ಜನ ಇಲ್ಲವಾದರೆಂಬುದಕ್ಕೆ ಆ ಎರಡು ಅಂಕಿಗಳೇ ಸಾಕ್ಷಿ. ಎಣಿಸದೇ ಹೋಗಿದ್ದರೆ ಅವರು ಸತ್ತದ್ದೂ ಸುದ್ದಿಯಾಗುತ್ತಿರಲಿಲ್ಲ.

ಈಗ 2015ರ ರಾಜ್ಯ ಸಮೀಕ್ಷೆಯನ್ನು ನೋಡಿ. 2025ರ ಏಪ್ರಿಲಿನಲ್ಲಿ ಪತ್ರಿಕೆಗಳಲ್ಲಿ ವರದಿಯಾದಂತೆ ಅದು ಒಳಗೊಂಡವರು 5.98 ಕೋಟಿ ಜನ. ಮುಸ್ಲಿಮರು 75.25 ಲಕ್ಷ. ನಾಲ್ಕು ವರ್ಷ ಮೊದಲಿನ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ, ಮುಸ್ಲಿಮರು 78.93 ಲಕ್ಷ ಇದ್ದರು. ಹಾಗಾದರೆ ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಎಲ್ಲಿ ಮಾಯವಾದರು? ನಮ್ಮ ನಾಯಕರು ಈ ಪ್ರಶ್ನೆ ಕೇಳಲಿಲ್ಲ. 'ನಾವೇ ಮೊದಲ ಸ್ಥಾನದಲ್ಲಿದ್ದೇವೆ' ಎಂದು ಬೀಗುವುದರಲ್ಲಿ ಕೆಲವರು ಮಗ್ನರಾದರು. ಇತರ ಎಲ್ಲ ಸಮುದಾಯಗಳನ್ನು ಜಾತಿ ಜಾತಿಯಾಗಿ ಒಡೆದು, ಮುಸ್ಲಿಮರನ್ನು ಮಾತ್ರ ಒಂದೇ ಗಂಟಾಗಿಸಿದಾಗ ಸಿಗುವ ಮೊದಲ ಸ್ಥಾನವದು. ಪ್ರವರ್ಗ 1ರಲ್ಲಿರುವ ಪಿಂಜಾರ, ನದಾಫ್ ಬಂಧುಗಳಲ್ಲಿ ಜಾತಿಯ ಕಲಂನಲ್ಲಿ 'ಮುಸ್ಲಿಮ್' ಎಂದಷ್ಟೇ ಬರೆಸಿದವರು ತಮ್ಮ ಪ್ರವರ್ಗದ ಲೆಕ್ಕದಿಂದಲೇ ಹೊರಗುಳಿದರು. 2ಬಿಯ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ರದ್ದುಪಡಿಸಿ ಆದೇಶ ಹೊರಟು, ಪ್ರಕರಣ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದ್ದನ್ನು ಕಂಡ ಮೇಲೂ ಈ ಉದಾಸೀನವೇ? ನ್ಯಾಯಾಲಯ ಕೇಳುವುದು ಅಂಕಿಯನ್ನು, ಘೋಷಣೆಯನ್ನಲ್ಲ.

ಹಳೆಯ ವರದಿಯನ್ನು ಬದಿಗಿಟ್ಟು 2025ರ ಸೆಪ್ಟೆಂಬರ್ 22ರಿಂದ ಹೊಸ ಸಮೀಕ್ಷೆ ಆರಂಭವಾಯಿತು. 2021ರಲ್ಲಿ ನಡೆಯಬೇಕಿದ್ದ ಜನಗಣತಿಗೆ 2027ರ ಮಾರ್ಚ್ 1ನ್ನು ಗಣನಾ ದಿನವೆಂದು 2025ರ ಜೂನ್ 16ರ ಅಧಿಸೂಚನೆ ನಿಗದಿಪಡಿಸಿದೆ, ಜಾತಿಯೂ ಅದರಲ್ಲಿ ಸೇರಿದೆ. ಆದರೆ ಬಾಗಿಲು ತಟ್ಟಿದ ಶಿಕ್ಷಕಿಯನ್ನು ಸಂಶಯದಿಂದ ನೋಡುವ ಮನೆಗಳು ನಮ್ಮಲ್ಲಿವೆ. ಸಂಶಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. 2019-20ರ ಪೌರತ್ವದ ಆತಂಕ ಯಾರ ಮನಸ್ಸಿನಿಂದಲೂ ಮಾಸಿಲ್ಲ. ಆದರೆ ವ್ಯತ್ಯಾಸವನ್ನು ಅರಿಯಬೇಕು. ಜನಸಂಖ್ಯಾ ನೋಂದಣಿ ಪುಸ್ತಕದ ಬೇರು 2003ರ ಪೌರತ್ವ ನಿಯಮಗಳಲ್ಲಿದೆ. ಜನಗಣತಿ ನಡೆಯುವುದು 1948ರ ಕಾಯ್ದೆಯಡಿ, ಅದರ 15ನೇ ಕಲಮಿನಂತೆ ಗಣತಿಯ ದಾಖಲೆಯನ್ನು ಯಾರೂ ಪರಿಶೀಲಿಸುವಂತಿಲ್ಲ, ಸಾಕ್ಷ್ಯವಾಗಿ ಒಪ್ಪುವಂತಿಲ್ಲ. ಎರಡನ್ನೂ ಕಲಸಿ ಜನರನ್ನು ಬೆದರಿಸುವ ವಾಟ್ಸಾಪ್ ವಿದ್ವಾಂಸರು ಮಾಡುತ್ತಿರುವುದು ಸಮುದಾಯಕ್ಕೆ ದ್ರೋಹ.

ಎಣಿಕೆಗೆ ಸಿಗದವನ ನಷ್ಟ ಅವನೊಬ್ಬನಿಗೇ ಸೀಮಿತವಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪಡಿತರದ ಮಿತಿ 2011ರ ಜನಸಂಖ್ಯೆಗೆ ಕಟ್ಟುಬಿದ್ದದ್ದು. ಆನಂತರ ಹುಟ್ಟಿದ ಮಕ್ಕಳ ಅಕ್ಕಿಯನ್ನು ಅದರಲ್ಲಿ ಯಾರೂ ಅಳೆದಿರಲಿಲ್ಲ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಗಳ ಗಡಿಗಳನ್ನು 2008ರಲ್ಲಿ ಬರೆದದ್ದು 2001ರ ಗಣತಿಯ ಮೇಲೆ. ಲೋಕಸಭಾ ಸ್ಥಾನಗಳ ಹಂಚಿಕೆಯಂತೂ 1971ರ ಜನಸಂಖ್ಯೆಯ ಮೇಲೆ ಸ್ಥಗಿತಗೊಂಡದ್ದು. ಅದು ಸಡಿಲಗೊಂಡಾಗ, ಹೆರಿಗೆಯ ಪ್ರಮಾಣ 1.7ಕ್ಕೆ ಇಳಿದಿರುವ ಕರ್ನಾಟಕ ಉತ್ತರದ ರಾಜ್ಯಗಳ ಮುಂದೆ ಸ್ಥಾನ ಕಳೆದುಕೊಳ್ಳುವ ಭೀತಿಯಿದೆ. ಮ್ಯಾಸನಾಯಕರ ಹಟ್ಟಿಗೂ ಮುಸ್ಲಿಮರ ಮೊಹಲ್ಲಾಗೂ ಆ ಭೀತಿ ಒಂದೇ.

ಸರಕಾರಕ್ಕೂ ಒಂದು ಮಾತು. ಮನೆಗೆ ಬೀಗ ಕಂಡೊಡನೆ ಚೀಟಿ ಅಂಟಿಸಿ ಹೋಗುವುದು ಗಣತಿಯಲ್ಲ. ಗುಳೆ ಹೋದವರನ್ನು ಬೆಂಗಳೂರಿನ ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲೇ ಹುಡುಕಿ ಎಣಿಸಬೇಕು. ಉರ್ದು ಮಾತ್ರ ಬಲ್ಲ ಅಜ್ಜಿಯ ಮುಂದೆ ಉರ್ದು ಬಲ್ಲವರೊಬ್ಬರನ್ನು ನಿಲ್ಲಿಸಬೇಕು.

ಜಮಾಅತ್‌ಗಳ ಕೈಯಲ್ಲಿಯೇ ಆಗಬಹುದಾದ ಕೆಲಸವೂ ಇದೆ. ಮಸೀದಿಯಲ್ಲಿ ನಿಕಾಹ್ ಪುಸ್ತಕವಿದೆ, ಖಬರಸ್ತಾನದಲ್ಲಿ ದಫನದ ದಾಖಲೆಯಿದೆ. ಅವನ್ನು ಚಳ್ಳಕೆರೆಯ ನಗರಸಭೆ, ಮೊಳಕಾಲ್ಮೂರಿನ ಪಟ್ಟಣ ಪಂಚಾಯತ್‌ಗಳ ಪುಸ್ತಕದೊಂದಿಗೆ ತಾಳೆ ನೋಡಲು ಇಬ್ಬರು ಯುವಕರು ಸಾಕು. ಹುಟ್ಟು ಸಾವನ್ನು 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಗುವಿಗೆ ಶಾಲೆ, ಮತದಾರರ ಪಟ್ಟಿ, ಸರಕಾರಿ ನೌಕರಿ ಎಲ್ಲಕ್ಕೂ ಜನ್ಮ ದಿನಾಂಕದ ಆಧಾರ ಆ ಪ್ರಮಾಣಪತ್ರವೇ. ಖತೀಬರು ಒಂದು ಶುಕ್ರವಾರ ಈ ವಿಷಯವನ್ನೇ ಪ್ರಸ್ತಾಪಿಸಲಿ. ತವರಿನಲ್ಲಿ ಹೆರಿಗೆಯಾದ ಮಗುವಿನ ಪ್ರಮಾಣಪತ್ರವನ್ನು ರಾಯದುರ್ಗದಿಂದ ತಂದಿಟ್ಟುಕೊಳ್ಳದ ಮನೆಗಳು ಎಷ್ಟಿವೆಯೆಂದು ಅಂದೇ ಬಾಗಿಲಲ್ಲಿ ಕೇಳಿ ಬರೆದುಕೊಳ್ಳಲಿ.